ಕಾಯುವ ಕೋಣೆಯ ಕ್ಯಾಮೊಮೈಲ್

ಹಲ್ಲಿನ ಡಾಕ್ಟರ ಕೈ ಹಗುರ ಎಂದು ಇಡೀ ಬೀದಿ ಒಪ್ಪುತ್ತಿತ್ತು. ಆದರೂ ಅವರ ಯಂತ್ರದ ಸದ್ದು ಹೊರಗಿನ ಕೋಣೆಗೆ ಕೇಳಿಸಿದ್ದೇ ತಡ, ಕಾಯುತ್ತ ಕೂತವರಲ್ಲಿ ಒಬ್ಬಿಬ್ಬರಿಗೆ ಮನೆಯಲ್ಲಿ ಒಲೆ ಆರಿಸಿಲ್ಲವೆಂಬುದು ನೆನಪಾಗಿಬಿಡುತ್ತಿತ್ತು. ಹಾಗೆ ಎದ್ದು ಹೋದವರು ತಿರುಗಿ ಬರುತ್ತಿದ್ದುದು ಅಪರೂಪ.

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾಗಿ ಜೊತೆಗಿರಲು ಬಂದ ಅವರ ಅಕ್ಕ ಆ ಕೋಣೆಯ ಉಸ್ತುವಾರಿಯನ್ನು ತಾವೇ ವಹಿಸಿಕೊಂಡರು. ಕ್ಲಿನಿಕ್ಕಿಗೆ ಅಂಟಿಕೊಂಡೇ ಇದ್ದ ಮನೆಯ ಹಿತ್ತಲಲ್ಲಿ ಕ್ಯಾಮೊಮೈಲ್ ಬೆಳೆಸಿದರು. ಬಿಳಿ ಎಸಳು, ಹಳದಿ ನಡು, ಸೇವಂತಿಗೆಯ ಚಿಕ್ಕ ತಂಗಿಯಂತಹ ಹೂವು. ಮೂಸಿದರೆ ಸೇಬಿನ ವಾಸನೆ. ಅದನ್ನು ನೆರಳಲ್ಲಿ ಒಣಗಿಸಿ, ಬಿಸಿನೀರು ಸುರಿದು, ಘಮ ಹಾರಿಹೋಗದಂತೆ ತಟ್ಟೆ ಮುಚ್ಚಿಟ್ಟು, ಸೋಸಿ, ಬಂದವರಿಗೆಲ್ಲ ಒಂದೊಂದು ಲೋಟ ಕೊಡತೊಡಗಿದರು. ಜೊತೆಗೆ ಪಾಠ ಬೇರೆ.

“ಈ ಗಿಡದ ಮೇಲೆ ನಡೆದಾಡಿದ್ರೂ ಸಾಯಲ್ಲ, ಇನ್ನಷ್ಟು ದಟ್ಟವಾಗಿ ಹಬ್ಬುತ್ತೆ. ಅದಕ್ಕೇ ಇದನ್ನ ತಾಳ್ಮೆಯ ಗುರುತು ಅಂತಾರೆ. ಕುಡೀರಿ, ಎದೆ ಢವಢವ ಅನ್ನೋದು ಸ್ವಲ್ಪ ಇಳಿಯುತ್ತೆ. ಆದ್ರೆ ಹಲ್ಲಿನ ಹುಳುಕಿಗೆ ಇದು ಮದ್ದಲ್ಲ, ತಿಳೀತಾ?”

ಕೊನೆಯ ಮಾತಿನ ಹೊತ್ತಿಗೆ ಎಲ್ಲರೂ ಲೋಟದ ಬಿಸಿ ಊದಿ ಆರಿಸುವುದರಲ್ಲಿ ಮುಳುಗಿರುತ್ತಿದ್ದರು.

ಡಾಕ್ಟರಿಗೆ ಎಲ್ಲಿಲ್ಲದ ಖುಷಿ. ಹೂವಿನ ಚಿತ್ರದ ಕೆಳಗೆ ‘ಇಲ್ಲಿ ನೋವಿಲ್ಲ, ನೆಮ್ಮದಿ ಇದೆ’ ಎಂದು ಬೋರ್ಡು ಬರೆಸಿ ಬಾಗಿಲಿಗೆ ನೇತುಹಾಕಿದರು. ಕೋಣೆ ತುಂಬಿತು. ಜನ ಬಂದು ಕೂತು, ಅವರಿವರ ಸುದ್ದಿ ಮಾತಾಡಿ, ಲೋಟ ಖಾಲಿ ಮಾಡಿ, “ಅರ್ಧ ನೋವು ಹೋಯ್ತು ಮೇಡಂ” ಎಂದು ಮನೆಗೆ ಹೊರಟರು. ಒಳಗೆ ಡಾಕ್ಟರು ಕೈಗವಸು ಹಾಕಿಕೊಂಡು ಖಾಲಿ ಕುರ್ಚಿಯ ಪಕ್ಕ ನಿಂತಿದ್ದರು.

ಹೀಗಿರುವಾಗ ಬೀದಿ ಕೊನೆಯ ಟೈಲರಮ್ಮ ಬಂದರು. ಕೆನ್ನೆ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು. ಅಕ್ಕನಿಂದ ಹೂವು ಕೇಳಿ ಒಯ್ದು, ನೋವು ಬಂದಾಗಲೆಲ್ಲ ಮನೆಯಲ್ಲೇ ಕುಡಿಯುತ್ತಿದ್ದರಂತೆ. ಡಾಕ್ಟರು ಕೀವು ತೆಗೆದು, ಮಾತ್ರೆ ಬರೆದುಕೊಟ್ಟು ಕಳಿಸಿ, ಅಕ್ಕನ ಮೇಲೆ ಹರಿಹಾಯ್ದರು.

“ನೀನು ಜನರನ್ನ ಸಮಾಧಾನ ಮಾಡಿ ಮಾಡಿಯೇ ಸಾಯಿಸ್ತೀಯ, ಅಕ್ಕ.”

“ಹುಳುಕಿಗೆ ಮದ್ದಲ್ಲ ಅಂತ ದಿನಾ ಬಾಯಿ ಬಡ್ಕೊಳ್ತಿದ್ದೆ. ಇಲ್ಲಿ ನೋವಿಲ್ಲ ಅಂತ ಬೋರ್ಡು ಬರೆಸಿದ್ದು ಯಾರೋ, ಪುಟ್ಟು?”

ಡಾಕ್ಟರು ಬೋರ್ಡು ಇಳಿಸಿದರು. ಹಟಕ್ಕೆ ಬಿದ್ದು ಲೋಟಗಳನ್ನೂ ಎತ್ತಿಡಿಸಿದರು. ಕೋಣೆ ಮೊದಲಿಗಿಂತ ಖಾಲಿಯಾಯಿತು. ಜನ ಬಾಗಿಲಲ್ಲೇ ಇಣುಕಿ, “ಇವತ್ತೂ ಇಲ್ವಾ?” ಎಂದು ಕೇಳಿ ಹೋಗುತ್ತಿದ್ದರು. ಕೊನೆಗೆ ಡಾಕ್ಟರೇ ಅಡುಗೆಮನೆ ಬಾಗಿಲಿಗೆ ಬಂದು ನಿಂತರು.

“ಅಕ್ಕ, ಆ ಹೂವಿನ ನೀರು...”

“ಕೊಡೋಣ. ಆದ್ರೆ ಹೊರಗಲ್ಲ. ಒಳಗೆ, ಕುರ್ಚೀಲಿ ಕೂತವರಿಗೆ ಮಾತ್ರ.”

ಉಪಾಯ ಫಲಿಸಿತು. ಲೋಟದ ಆಸೆಗೆ ಜನ ಒಳಗೆ ಬಂದು ಕೂತರು. ಕುಡಿದು ಮುಗಿಸಿ ಏಳೋಣವೆನ್ನುವಷ್ಟರಲ್ಲಿ ಕುರ್ಚಿ ಹಿಂದಕ್ಕೆ ವಾಲಿರುತ್ತಿತ್ತು. ಟೈಲರಮ್ಮನೂ ಹಾಗೆಯೇ ಹಲ್ಲು ಕೀಳಿಸಿಕೊಂಡರು. ಮತ್ತೆ ತೋರಿಸಲು ಬಂದ ದಿನ ಡಾಕ್ಟರ ಕಿವಿಯಲ್ಲಿ ಒಂದು ಮಾತು ಹಾಕಿದರು.

“ನಿಮ್ಮಕ್ಕ ಬಲಗಡೆ ಬಿಸ್ಕತ್ತನ್ನೂ ಅಗಿಯಲ್ಲ, ನೋಡಿದ್ದೀರಾ? ನಾನೂ ಹಾಗೇ ತಳ್ಳಿಕೊಂಡು ಬಂದಿದ್ದೆ.”

ಡಾಕ್ಟರು ನೋಡಿರಲಿಲ್ಲ. ಊರವರ ಬಾಯೆಲ್ಲ ನೋಡುತ್ತಿದ್ದವರು ಊಟಕ್ಕೆ ಎದುರು ಕೂತವರ ಬಾಯನ್ನೇ ನೋಡಿರಲಿಲ್ಲ.

“ಬಾಯಿ ತೆಗಿ ಅಕ್ಕ.”

“ನಿನ್ನೆದುರು ಒಂದು ಸಲ ತೆಗೆದು ಅನುಭವಿಸಿದ್ದೀನಿ.”

ಚಿಕ್ಕಂದಿನಲ್ಲಿ ಅಕ್ಕನ ಅಲ್ಲಾಡುವ ಹಲ್ಲಿಗೆ ದಾರ ಕಟ್ಟಿ ಬಾಗಿಲು ಎಳೆದವರು ಇವರೇ. ಕಟ್ಟಿದ್ದು ಮಾತ್ರ ಪಕ್ಕದ ಗಟ್ಟಿ ಹಲ್ಲಿಗೆ. ಅಂದಿನಿಂದ ಅಕ್ಕ ಯಾವ ಹಲ್ಲಿನ ಡಾಕ್ಟರ ಮೆಟ್ಟಿಲನ್ನೂ ಹತ್ತಿರಲಿಲ್ಲ. ಕ್ಯಾಮೊಮೈಲ್ ಬೀಜ ಅವರ ಸಾಮಾನಿನ ಜೊತೆಯಲ್ಲೇ ಬಂದದ್ದೇಕೆಂದು ತಮ್ಮನಿಗೆ ಆಗ ಅರ್ಥವಾಯಿತು. ಆ ಹೂವಿನ ನೀರು ಮೊದಲಿಗೆ ಬೇಕಾಗಿದ್ದುದು ಅಕ್ಕನ ಎದೆಯ ಢವಢವಕ್ಕೇ.

ಅಕ್ಕ ಜಗ್ಗಲಿಲ್ಲ. ಕೊನೆಗೆ ನೋವೇ ಅವರನ್ನು ಕುರ್ಚಿಗೆ ತಂದು ಕೂರಿಸಿತು. ಕೂತವರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಡಾಕ್ಟರು ತಾವೇ ಹೂವಿನ ನೀರು ಮಾಡಿ ತಂದರು. ಒಂದು ಗುಟುಕು ಕುಡಿದದ್ದೇ ಅಕ್ಕನ ಮುಖ ಕಿವುಚಿಕೊಂಡಿತು.

“ಹೂವನ್ನ ಕುದಿಸಿದ್ದೀಯಾ? ಮುಚ್ಚಿಟ್ಟೂ ಇಲ್ಲ. ಬರೀ ಕಹಿ. ಇಷ್ಟು ದಿನ ಪಕ್ಕದಲ್ಲೇ ನಿಂತು ನೋಡಿ ನೀನು ಕಲಿತದ್ದು ಇದೇನಾ?”

ಬೈಯುವ ಭರದಲ್ಲಿ ಬಾಯಿ ಅಗಲವಾಗಿ ತೆರೆದಿತ್ತು. ಡಾಕ್ಟರು ಸೂಜಿ ಚುಚ್ಚಿದರು. ನಾಲಿಗೆ ಮರಗಟ್ಟುವವರೆಗೂ ಅಕ್ಕ ಬೈದರು, ಹೆದರುವುದಕ್ಕೆ ಪುರಸೊತ್ತೇ ಆಗಲಿಲ್ಲ. ಹಲ್ಲು ಸಲೀಸಾಗಿ ಬಂತು.

“ಹತ್ತಿ ಕಚ್ಚಿಕೊಂಡಿರು. ಸ್ವಲ್ಪ ಹೊತ್ತು ಮಾತಾಡಬೇಡ,” ಎಂದು ಡಾಕ್ಟರು ಅವರ ಕೈಹಿಡಿದು ಎಬ್ಬಿಸಿದರು. ಅಕ್ಕ ಕೈ ಬಿಡಿಸಿಕೊಳ್ಳಲಿಲ್ಲ. ಇನ್ನೊಂದು ಕೈಯಲ್ಲಿ ಲೋಟ ತೋರಿಸಿ, ಪಾತ್ರೆ ತೋರಿಸಿ, ಮುಚ್ಚುವ ತಟ್ಟೆ ತೋರಿಸಿ, ಅಡುಗೆಮನೆ ದಾಟಿ ಮಂಚ ಸೇರುವವರೆಗೂ ಸನ್ನೆಯಲ್ಲೇ ಬೈದರು.