ಬಿಡುವಿಲ್ಲ

ಅಪ್ಪ ಅಮ್ಮ ಮುನಿಸಿಕೊಂಡರೆ ಮಾತು ನನ್ನ ಮೂಲಕವೇ ಓಡಾಡುತ್ತಿತ್ತು. ಇಬ್ಬರೂ ಒಂದೇ ಕೋಣೆಯಲ್ಲಿ ಕೂತಿದ್ದರೂ ಅಷ್ಟೇ.

"ಊಟಕ್ಕೆ ಬಾ ಅಂತ ನಿಮ್ಮಮ್ಮಂಗೆ ಹೇಳು."

"ನಂಗೆ ಬಿಡುವಿಲ್ಲ ಅಂತ ನಿಮ್ಮಪ್ಪಂಗೆ ಹೇಳು."

ದೊಡ್ಡವಳಾದ ಮೇಲೂ ನನ್ನದು ಅದೇ ಕಸುಬು: ಡ್ರೈವರ್ ಬರೆಯುವುದು. "ನನ್ನ ಮಗಳು ಡ್ರೈವರ್" ಎಂದು ಅಪ್ಪ ಹೇಳುವುದು, ಯಾವ ಬಸ್ಸು ಎಂದು ಜನ ಕೇಳುವುದು, ಇವರು ಹೊಟ್ಟೆ ಹಿಡಿದುಕೊಂಡು ನಗುವುದು. ಕಂಪ್ಯೂಟರಿನಲ್ಲಿ ಯಾವ ಪ್ರೋಗ್ರಾಮೂ ಯಂತ್ರವನ್ನು ನೇರವಾಗಿ ಮುಟ್ಟುವಂತಿಲ್ಲ. ತೆರೆದುಕೊಡು ಎಂದು, ಇಬ್ಬರ ನಡುವೆ ಮಾತು ಸಾಗಿಸುವ ಡ್ರೈವರ್ ಎಂಬ ತಂತ್ರಾಂಶವನ್ನು ಕೇಳಬೇಕು, ಕೆಲಸ ಮುಗಿದ ಮೇಲೆ ಮುಚ್ಚಬೇಕು. ಒಬ್ಬರು ಮುಚ್ಚುವ ತನಕ ಇನ್ನೊಬ್ಬರಿಗೆ ಪ್ರವೇಶವಿಲ್ಲ.

ಲಕ್ವ ಹೊಡೆದು ಅಮ್ಮನ ಮಾತು ನಿಂತಿತು. ಆಡುತ್ತಿದ್ದದ್ದು ಒಂದೇ ಬೆರಳು. ಅದರಡಿ ಒಂದು ಗುಂಡಿ ಇಟ್ಟು ಡ್ರೈವರ್ ಬರೆದೆ. ಒತ್ತಿದರೆ ಹಜಾರದ ಕಂಪ್ಯೂಟರಿನಲ್ಲಿ ಗಂಟೆ. ಅಮ್ಮ ಒತ್ತಿದ್ದು ಒಂದೂ ಕಳೆಯಬಾರದೆಂದು, ಪ್ರೋಗ್ರಾಂ ಬಂದು ಕೇಳುವವರೆಗೆ ಡ್ರೈವರ್ ಎಲ್ಲವನ್ನೂ ಕೂಡಿಟ್ಟುಕೊಳ್ಳುತ್ತಿತ್ತು. ಗಂಟೆಯ ಪ್ರೋಗ್ರಾಂ ಬರೆದವನು ನನ್ನ ಸಹೋದ್ಯೋಗಿ. ಗುಂಡಿಯನ್ನು ಆಗಲೇ ಬೇರೊಂದು ಪ್ರೋಗ್ರಾಂ ತೆರೆದುಕೊಂಡಿದ್ದರೆ ಪರದೆಯ ಮೇಲೆ "ಬಿಡುವಿಲ್ಲ" ಎಂದು ಬರುವಂತೆ ಮಾಡಿದ್ದ, ಪುಣ್ಯಾತ್ಮ.

ಅಮ್ಮ ಹೋದ ದಿನ ಬೆಳಿಗ್ಗೆ ಕಿಟಕಿ ತೆರೆದಿಡುವ ವಿಷಯಕ್ಕೆ ಅಪ್ಪ ರೇಗಿದ್ದರು. ಅವಳು ಕಣ್ಣು ಮುಚ್ಚಿಕೊಂಡಳು, ಇವರು ಹಜಾರಕ್ಕೆ ಬಂದು ಕೂತರು. ಮಧ್ಯಾಹ್ನವಾದರೂ ಗಂಟೆಯಿಲ್ಲ. ಕೆಟ್ಟಿತೇನೋ ಎಂದು ಪ್ರೋಗ್ರಾಮನ್ನು ಇನ್ನೊಮ್ಮೆ ತೆರೆದರು. "ಬಿಡುವಿಲ್ಲ." ಅವಳ ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡು ಸುಮ್ಮನಾದರು. ಸಂಜೆ ಹೋಗಿ ನೋಡಿದರೆ ಅಮ್ಮ ತಣ್ಣಗಾಗಿದ್ದಳು.

"ಕೊನೇಗೂ ನನ್ನ ಕರೀಲಿಲ್ಲ ಕಣೇ. ಬಿಡುವಿಲ್ಲ ಅಂದ್ಬಿಟ್ಲು." ನಾನು ಊರಿಗೆ ಬಂದಾಗಿನಿಂದ ಅಪ್ಪನದು ಇದೊಂದೇ ಮಾತು.

"ಅದು ಅಮ್ಮ ಹೇಳಿದ್ದಲ್ಲಪ್ಪ, ಪ್ರೋಗ್ರಾಂ ಹೇಳಿದ್ದು! ಬಾ, ತೋರಿಸ್ತೀನಿ."

ದುಃಖಕ್ಕಿಂತ ಮೊದಲು ನನಗೆ ಸಿಟ್ಟೇ ಬರುವುದು. ಆ ದಿನದಿಂದ ಯಾರೂ ಆರಿಸದಿದ್ದ ಕಂಪ್ಯೂಟರಿನ ಮುಂದೆ ಕೂತೆ. ಮೊದಲು ತೆರೆದಿದ್ದ ಪ್ರೋಗ್ರಾಂ ಎಲ್ಲೋ ಸಿಕ್ಕಿಕೊಂಡು, ತಾನೂ ಕೇಳದೆ ಬೇರೆಯವರಿಗೂ ಬಿಡದೆ ಗುಂಡಿಯನ್ನು ಹಿಡಿದು ಕೂತಿತ್ತು. ಅದನ್ನು ಮುಚ್ಚಿಸಿ, ಹೊಸದಾಗಿ ತೆರೆದೆ.

"ನೋಡು, ಈಗ ಬಿಡುವಾಯ್ತು."

ಗಂಟೆ ಹೊಡೆಯಿತು. ಮತ್ತೆ ಹೊಡೆಯಿತು. ನಿಲ್ಲಲೇ ಇಲ್ಲ. ಅಮ್ಮ ಒತ್ತಿದ್ದನ್ನೆಲ್ಲ ನನ್ನ ಡ್ರೈವರ್ ಒಂದೊಂದಾಗಿ ಒಪ್ಪಿಸುತ್ತಿತ್ತು. ಅದನ್ನು ನಿಲ್ಲಿಸಲು ಕೈ ಬರಲಿಲ್ಲ.

ಅಪ್ಪ ಆಗಲೇ ಎದ್ದಿದ್ದರು. "ಬಂದೆ ಕಣೇ, ಬಂದೆ" ಎನ್ನುತ್ತ, ಅಮ್ಮನ ಹಾಸಿಗೆ ಸುತ್ತಿಟ್ಟಿದ್ದ ಕೋಣೆಯತ್ತ ಓಡಿದರು.