ರಾಣಿಗೆ ಬದುವಿನ ಪಲ್ಯ

ಉರುಕುಂದಮ್ಮನಿಗೆ ಸಾಕುಸಾಕಾಗಿತ್ತು. ಕಂಡವರ ಹೊಲದಲ್ಲಿ ದಿನವೆಲ್ಲ ಬಗ್ಗಿ ಕಳೆ ತೆಗೆದು ಬಂದರೂ ಒಲೆ ಹಚ್ಚುವವಳು ಅವಳೇ. ಬಸುರಿ ಸೊಸೆ ರಾಣಿ ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ರಕ್ತ ಬಹಳ ಕಡಿಮೆ, ಹೀಗೇ ಆದರೆ ಹೆರಿಗೆಯಲ್ಲಿ ಜೀವಕ್ಕೇ ಅಪಾಯ ಎಂದು ಆಲೂರಿನ ಡಾಕ್ಟರು ಹೇಳಿ ಕಳಿಸಿದ್ದರು. ಅವರು ಕೊಟ್ಟ ಕಬ್ಬಿಣಾಂಶದ ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆಂದು ರಾಣಿ ಅದನ್ನೂ ಬಿಟ್ಟಿದ್ದಳು. ಊಟವಾದರೂ ಏನು, ಎರಡು ಹೊತ್ತೂ ರೇಷನ್ ಅನ್ನ, ನೀರು ಸಾರು.

ಆಶಾ ಕಾರ್ಯಕರ್ತೆ ಶಾಂತಕ್ಕ ಬಂದು, ಮಾತ್ರೆಯನ್ನು ಉಂಡ ಮೇಲೆ ನುಂಗು, ಬಿಡಬೇಡ ಎಂದು ರಾಣಿಗೆ ತಿಳಿಹೇಳಿದಳು. ಆಮೇಲೆ ಅತ್ತೆಯ ಕಡೆ ತಿರುಗಿದಳು.

"ಯಕ್ಕಾ, ನೀ ಬಸುರಿದ್ದಾಗ ನಿಮ್ಮತ್ತಿ ಏನು ಉಣ್ಣಾಕ ಹಾಕ್ತಿದ್ಳು?"

"ಬದುವಿನ ಮ್ಯಾಲ ತಾನಾ ಬೆಳದ ನಾಕಾರು ಸೊಪ್ಪಿನ ಬೆರಕಿ ಪಲ್ಯ, ಸಜ್ಜಿ ರೊಟ್ಟಿ. ಈಗ ಅದೆಲ್ಲ ಯಾರಿಗೆ ಬೇಕವ್ವ?"

ಹಾಗೆಂದಳೇ ಹೊರತು ಬಾಯಿಗೆ ಆ ರುಚಿ ಬಂದೇಬಂತು. ಆಗೆಲ್ಲ ಬಸುರಿಯ ಸೆರಗಿಗೆ ಮೊದಲ ಹಿಡಿ ಸೊಪ್ಪನ್ನು ಅತ್ತೆಯೇ ಕಿತ್ತು ಹಾಕಬೇಕು. ಗೋಳಿ, ಹೊನಗೊನೆ, ಕಿರಕಸಾಲಿ ಎಂದು ಒಂದೊಂದರ ಹೆಸರು ಹೇಳಿಕೊಡುತ್ತ ಹೊಲ ಸುತ್ತಿಸಬೇಕು.

ಮರುದಿನ ಕಾಲೆಳೆಯುತ್ತಲೇ ಸೊಸೆಯನ್ನು ತಮ್ಮ ಹೊಲಕ್ಕೆ ಕರೆದೊಯ್ದಳು. ಬದುವೆಲ್ಲ ಸುಟ್ಟು ಹಳದಿಯಾಗಿತ್ತು. ಹತ್ತಿ ಹೊಲದ ಕಳೆ ಸಾಯಿಸಲು ತಂದ ಹುಲ್ಲುಮದ್ದನ್ನು ಅವಳ ಗಂಡ ಅಂಜಿನಪ್ಪ ಬದುವಿಗೂ ಹೊಡೆದಿದ್ದ. ಹುಲ್ಲು ಕಂಡರೆ ಮಂದಿ ಸೋಮಾರಿ ಅಂದಾರೆಂಬ ಭಯ ಅವನಿಗೆ. ಸೊಸೆಗೆ ತೋರಿಸಲು ಒಂದು ಎಲೆಯೂ ಇಲ್ಲವಲ್ಲ ಎಂದು ಉರುಕುಂದಮ್ಮ ಅಲ್ಲೇ ಕೂತು ಅತ್ತಳು.

ಸಂಜೆ ಮತ್ತೆ ಬಂದ ಶಾಂತಕ್ಕ, ರಾಣಿಗೆ ಆ ಸೊಪ್ಪನ್ನೂ ತಿನ್ನಿಸಿ ಎಂದಾಗ ಅಂಜಿನಪ್ಪ ಅವಳನ್ನೇ ಕೇಳಿದ. "ಸೊಪ್ಪು ತಿಂದ್ರ ರಕ್ತ ಬರ್ತೈತಂದ್ರ ಡಾಕ್ಟರ್ ಯಾಕ ಬೇಕಮ್ಮಾ?" ಎರಡೂ ಬೇಕು ಎಂದಳು ಆಕೆ. ಮಾತ್ರೆಯ ಕೆಲಸ ಮಾತ್ರೆ ಮಾಡುತ್ತದೆ, ಆದರೆ ಹಿಟ್ಟು, ಬೇಳೆ, ಸೊಪ್ಪು ಕಾಣದ ಮೈ ಎಷ್ಟು ತಡೆದೀತು? ನಾಲ್ಕು ಹೆಣ್ಣುಮಕ್ಕಳ ಜೊತೆ ಹೊಲದಲ್ಲಿ ನಡೆದು, ನಕ್ಕು, ಉಂಡರೆ ಬಸುರಿಯ ಮನಸ್ಸೂ ಹಗುರಾಗುತ್ತದೆ ಎಂದಳು. ಅಂಜಿನಪ್ಪ ಒಪ್ಪಲಿಲ್ಲ. ಬದು ಹಾಗೆ ಬಿಟ್ಟರೆ ಮಂದಿ ನಗುತ್ತಾರೆ ಎಂದ.

"ನಗಲಿ ಬಿಡು," ಅಂದಳು ಉರುಕುಂದಮ್ಮ. "ಸೊಸಿ ಸತ್ರ ಅದೇ ಮಂದಿ ಅಳಾಕ ಬರ್ತಾರ, ಅಷ್ಟ." ಜೋರು ಮಾಡುವಷ್ಟು ತ್ರಾಣ ಅವಳಲ್ಲಿರಲಿಲ್ಲ.

ಅಂಜಿನಪ್ಪ ಎದ್ದು ಉಳಿದ ಮದ್ದಿನ ಡಬ್ಬಿಯನ್ನು ಅಟ್ಟಕ್ಕೆ ಎತ್ತಿಟ್ಟ. ಇನ್ನು ಬದುವಿಗೆ ಮದ್ದು ಹೊಡೆಯುವುದಿಲ್ಲ ಎಂದ. ಅಲ್ಲಿ ಮತ್ತೆ ಹಸಿರು ಏಳುವವರೆಗೆ, ಪಕ್ಕದ ಮನೆಯ ಮೂಕಮ್ಮನ, ಮದ್ದನ್ನೇ ಕಾಣದ ಹೊಲಕ್ಕೆ ಅತ್ತೆ ಸೊಸೆ ಸೊಪ್ಪು ಕೀಳಲು ಹೋಗಿಬಂದರು. ರಾಣಿ ಮಾತ್ರೆ ಬಿಡಲಿಲ್ಲ. ರಕ್ತ ಏರಿತು. ಆಸ್ಪತ್ರೆಯಲ್ಲೇ ಹೆರಿಗೆಯಾಗಿ ತಾಯಿ ಮಗು ಮನೆಗೆ ಬಂದ ದಿನ ಹೊದ್ದು ಮಲಗಿದ ಉರುಕುಂದಮ್ಮ, ಮರುದಿನ ಹೊತ್ತೇರಿದ ಮೇಲೇ ಎದ್ದಳು.

ಅಕ್ಕಂದಿರೇ, ಅಣ್ಣಂದಿರೇ, ಬಸುರಿಗೆ ಮಾತ್ರೆ ತಪ್ಪಿಸಬೇಡಿ. ಮದ್ದು ಬಿದ್ದ ಸೊಪ್ಪು ತಿನ್ನಬೇಡಿ, ಒಂದು ಬದುವನ್ನಾದರೂ ಮದ್ದಿಲ್ಲದೆ ಬಿಡಿ. ಸೊಪ್ಪಿನ ಹೆಸರು ಬಲ್ಲ ಮುದುಕಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಈ ವಾರವೇ ಅವರ ಕೈ ಹಿಡಿದು ಹೊಲಕ್ಕೆ ಹೋಗಿ. ಅವರು ಹೋದ ಮೇಲೆ ಕೇಳೋಣವೆಂದರೆ ಹೇಳಲು ಯಾರೂ ಇರುವುದಿಲ್ಲ.