ಹಾಳೆಯ ಹಿಂಬದಿ

"ಏನಮ್ಮಾ ಇದು, ಬನ್ನನ್ನ ಬೋರಲು ಮಲಗ್ಸಿದೀಯಾ! ಮೇಲಿನ ಸಕ್ಕರೆ ಎಲ್ಲಾ ತಟ್ಟೆಗೇ ಅಂಟ್ಕೊಳ್ತು," ಎಂದು ಪಕ್ಕದ ಹೊಲದ ಡ್ವೇನ್ ಸಾಲಿನಲ್ಲೇ ನಿಂತು ಗೊಣಗಿದ.

"ತಿರುಗಿಸ್ಕೊಂಡು ತಿನ್ನು. ಆಮೇಲೆ ಮತದ ಹಾಳೇನೂ ಹಂಗೇ ತಿರುಗಿಸು," ಎಂದಳು ಆರ್ಡಿತ್, ಅವನ ಬಟ್ಟಲಿಗೆ ಮಾಂಸ, ಕಾಳು ಹಾಕಿ ಕುದಿಸಿದ ಖಾರದ ಚಿಲ್ಲಿಯನ್ನು ಸೌಟು ತುಂಬ ಸುರಿಯುತ್ತಾ.

ನೆಬ್ರಾಸ್ಕಾದ ಆ ಪುಟ್ಟ ಊರಲ್ಲಿ ಚುನಾವಣೆಯ ದಿನ ಚರ್ಚಿನ ನೆಲಮಾಳಿಗೆಯಲ್ಲಿ ಚಿಲ್ಲಿ ಮತ್ತು ದಾಲ್ಚಿನ್ನಿ ಬನ್ನಿನ ಊಟ ತಪ್ಪುವಂತಿಲ್ಲ. ಉಂಡು, ರಸ್ತೆ ದಾಟಿ ಮತ ಹಾಕುವುದು ರೂಢಿ. ಆನೆ ಗುರುತಿನ ಪಕ್ಷದವರೂ ಕತ್ತೆ ಗುರುತಿನ ಪಕ್ಷದವರೂ ಒಂದೇ ಮೇಜಿಗೆ ಕೂತು ಕಚ್ಚಾಡುತ್ತಾರೆ. ಈ ವರ್ಷವಂತೂ ಅಧ್ಯಕ್ಷ ಪದವಿಯ ಗಲಾಟೆಯಲ್ಲಿ ಊರಿನ ಆಂಬ್ಯುಲೆನ್ಸಿನ ವಿಚಾರ ಯಾರ ಕಿವಿಗೂ ಬಿದ್ದಿರಲಿಲ್ಲ.

ಆ ಗಾಡಿಯನ್ನು ಉಳಿಸುವ ತೆರಿಗೆ ಬೇಕೋ ಬೇಡವೋ ಎಂಬ ಪ್ರಶ್ನೆ ಮತಪತ್ರದ ಹಿಂಬದಿಯಲ್ಲಿತ್ತು. ಕಳೆದ ಸಲವೂ ಅಲ್ಲೇ ಇತ್ತು. ಜನ ಮುಂಬದಿಯಲ್ಲಿ ವಾಷಿಂಗ್ಟನ್ನನ್ನು ಉದ್ಧಾರ ಮಾಡಿ, ಹಾಳೆ ತಿರುಗಿಸದೆಯೇ ಪೆಟ್ಟಿಗೆಗೆ ತುರುಕಿ ಬಂದಿದ್ದರು. ತೆರಿಗೆ ಬೇಡ ಎನ್ನುವ ಜಿಪುಣರು ಮಾತ್ರ ಮರೆಯದೆ ತಿರುಗಿಸಿದ್ದರು! ಈ ಸಲವೂ ಸೋತರೆ ಊರಿಗೆ ಗಾಡಿಯಿಲ್ಲ. ಕರೆದರೆ ಜಿಲ್ಲಾ ಕೇಂದ್ರದಿಂದ ಬರಬೇಕು, ಮುಕ್ಕಾಲು ಗಂಟೆಯ ದಾರಿ. ಆರ್ಡಿತ್‌ಳ ಗಂಡ ವರ್ಲಿನ್‌ಗೆ ಎರಡು ಸಲ ಹೃದಯಾಘಾತವಾಗಿತ್ತು. ಎರಡು ಸಲವೂ ಅವನ ಜೀವ ಉಳಿಸಿದ್ದು ಊರಿನ ಗಾಡಿಯೇ. ಮೂರನೆಯದಾದರೆ ಮುಕ್ಕಾಲು ಗಂಟೆ ಕಾಯುವಷ್ಟು ಉಸಿರು ಅವನಲ್ಲಿ ಉಳಿಯದೆಂದು ಅವಳಿಗೆ ಗೊತ್ತಿತ್ತು.

"ದೇಶಾನೇ ಮುಳುಗ್ತಿದೆ, ನಿಂದೊಂದು ಆಂಬ್ಯುಲೆನ್ಸು," ಎಂದ ಡ್ವೇನ್.

"ಮುಳುಗೋ ದೇಶ ನೋಡಿ ನೀನು ಎದೆ ಹಿಡ್ಕೊಂಡು ಬಿದ್ರೆ ಯಾರು ಬರ್ತಾರೋ? ನಿಮ್ಮ ಆನೆ ಬರುತ್ತಾ?"

ಕತ್ತೆ ಪಕ್ಷದ ಗ್ಲೆಂಡಾ ಮೇಜು ಕುಟ್ಟಿ ನಕ್ಕಳು.

"ನೀನೇನು ನಗ್ತೀಯೇ ಗ್ಲೆಂಡಾ, ನಿಮ್ಮ ಕತ್ತೇನೂ ಬರಲ್ಲ!"

ಇಡೀ ಸಾಲು ಗೊಳ್ಳೆಂದಿತು. ಪಾದ್ರಿಗೂ ಬೋರಲು ಬನ್ನೇ ಸಿಕ್ಕಿತು. ಅವರು ಪ್ರಾರ್ಥನೆ ಮುಗಿಸಿ, ಎಲ್ಲರೆದುರು ಅದನ್ನು ಗಂಭೀರವಾಗಿ ತಿರುಗಿಸಿ ತಿಂದರು. ಮಧ್ಯಾಹ್ನವಾಗುವಷ್ಟರಲ್ಲಿ ಮತ ಹಾಕಿ ಬಂದವರನ್ನೆಲ್ಲ ಊರವರು "ತಿರುಗಿಸ್ದ್ಯಾ?" ಎಂದು ಅಡ್ಡಗಟ್ಟಿ ಕೇಳತೊಡಗಿದ್ದರು. ಜಿಪುಣರು ಮುಖ ಗಂಟಿಕ್ಕಿಕೊಂಡು ಬನ್ನು ಕಟ್ಟಿಸಿಕೊಂಡು ಹೋದರು.

ಮರುದಿನ ಬೆಳಿಗ್ಗೆ ಡ್ವೇನ್ ಫೋನು ಮಾಡಿದ.

"ಗೆದ್ವಿ ಕಣೇ ಆರ್ಡಿತ್! ಗೆದ್ವಿ!"

"ಯಾರು, ನಿಮ್ಮ ಆನೇನಾ?"

"ಅದ್ರ ಮನೆ ಹಾಳಾಗ, ಅಲ್ಲಿನ್ನೂ ಎಣಿಸ್ತಾನೇ ಇದಾರೆ. ನಮ್ಮ ಗಾಡಿ ಕಣೇ, ನಮ್ಮ ಗಾಡಿ! ನಾನೂ ತಿರುಗಿಸ್ದೆ!"

ಆರ್ಡಿತ್ ಕೂಗಿದ ಕೂಗಿಗೆ ಅಂಗಳದ ಕೋಳಿಗಳು ಚೆಲ್ಲಾಪಿಲ್ಲಿಯಾದವು. ವರ್ಲಿನ್‌ನನ್ನು ಬಾಚಿ ತಬ್ಬಿ, ಅತ್ತು, ನಕ್ಕು, ಮತ್ತೆ ಅತ್ತಳು. ಇಷ್ಟು ಸಂತೋಷ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ.

"ಸಾಕು ಬಿಡೇ, ಉಸಿರುಗಟ್ತಿದೆ," ಎಂದ ಅವನು. ಆಮೇಲೆ ಕೊಂಚ ಅಳುಕುತ್ತಲೇ ಕೇಳಿದ. "ಆ ತುದಿ ಬೇಲಿ ತನಕ ಹೋಗ್ಬರ್ಲಾ? ಒಬ್ನೇ?"

ವಸಂತದಲ್ಲಿ ಎರಡನೆಯ ಆಘಾತವಾದಾಗಿನಿಂದ ಅವಳು ಅವನನ್ನು ಕಣ್ಣಳತೆ ದಾಟಲು ಬಿಟ್ಟಿರಲಿಲ್ಲ. ಈಗ ಅವನ ಕೋಟಿನ ಗುಂಡಿ ಹಾಕಿ ಬಾಗಿಲು ತೆರೆದಳು. ಕೊಯ್ಲಾದ ಜೋಳದ ಹೊಲದಲ್ಲಿ ಅವನು ನಡೆಯುತ್ತ ನಡೆಯುತ್ತ ಚಿಕ್ಕವನಾಗಿ, ದಿಬ್ಬದಾಚೆ ಇಳಿದು ಮರೆಯಾದ. ಆರ್ಡಿತ್ ಒಳಗೆ ಬಂದು ಕಾಫಿ ಬಗ್ಗಿಸಿಕೊಂಡು, ಕಿಟಕಿಗೆ ಬೆನ್ನು ಹಾಕಿ ಕೂತಳು.